ಬಿಸಿಲ ನಾಡಿನಲ್ಲಿ ಕಪ್ಪು-ಬಿಳುಪು ರೋಲ್ ತೊಳೆಯುವ ರಾಸಾಯನಿಕಗಳು: ಆಯ್ಕೆ ಮತ್ತು ಜೋಪಾನ

ವಿಜಯಪುರದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ನಳಕ್ಕೆ ಇಳಿದು ಬರುವ ನೀರನ್ನು ಕೈಯಲ್ಲಿ ಹಿಡಿದರೆ ಸ್ನಾನಕ್ಕೆ ಕಾಯಿಸಿಟ್ಟ ನೀರಿನಂತೆ ಅನಿಸುತ್ತದೆ. ರೋಲನ್ನು ದ್ರಾವಣದಲ್ಲಿ ಎಷ್ಟು ನಿಮಿಷ ಇಡಬೇಕೆಂದು ಕಪ್ಪು-ಬಿಳುಪು ಫಿಲ್ಮ್ ತಯಾರಿಸುವವರು ಕೊಡುವ ವೇಳಾಪಟ್ಟಿಗಳಾದರೋ 20 ಡಿಗ್ರಿ ಸೆಲ್ಸಿಯಸ್ ನೀರನ್ನು ಎದುರಿಗಿಟ್ಟುಕೊಂಡು ಬರೆದವು. ಫಿಲ್ಮ್ ಮೇಲೆ ಚಿತ್ರ ಮೂಡಿಸುವ ಡೆವಲಪರ್‌ನ ಪೊಟ್ಟಣದ ಮೇಲೆ ಅಚ್ಚಾಗಿರುವ ಬಾಳಿಕೆಯ ಅವಧಿಯೂ ತಂಪಾದ ಕೋಣೆಯ ಲೆಕ್ಕದ್ದೇ. ಮನೆಯಲ್ಲೇ ರೋಲ್ ತೊಳೆಯಲು, ಅಂದರೆ ಡೆವಲಪ್ ಮಾಡಲು, ಆರಂಭಿಸುವವರು ಯಾವ ಡೆವಲಪರ್ ಹೆಚ್ಚು ನಯವಾದ ಚಿತ್ರ ಕೊಡುತ್ತದೆ ಎಂದು ಮೊದಲು ಕೇಳುತ್ತಾರೆ. ನಮ್ಮ ಭಾಗದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು, ಕಲಸಿದ ಡೆವಲಪರ್ ನಮ್ಮ ಮನೆಯಲ್ಲಿ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದು. ಆಯ್ಕೆಯೂ ಜೋಪಾನವೂ ಇಲ್ಲಿ ಬೇರೆ ಬೇರೆ ವಿಷಯಗಳಲ್ಲ.

ಇದನ್ನು ನಾನು ಕಲಿತದ್ದು ಒಂದು ರೋಲ್ ಕಳೆದುಕೊಂಡ ಮೇಲೆ. ಗೋಳಗುಮ್ಮಟದ ಒಳಗಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದಿಡೀ ಮುಂಜಾನೆ ಕುಳಿತು ತೆಗೆದ ಚಿತ್ರಗಳವು. ಡೆವಲಪರ್ ಕಲಸಿ ಎರಡು ತಿಂಗಳು ಕೂಡ ಆಗಿರಲಿಲ್ಲ, ಆದರೆ ಬಾಟಲಿ ಅರ್ಧ ಖಾಲಿಯಾಗಿತ್ತು ಮತ್ತು ಅದು ಇದ್ದದ್ದು ತಗಡಿನ ಚಾವಣಿಯ ಕೋಣೆಯ ಮೇಲಿನ ಹಲಗೆಯಲ್ಲಿ. ರೋಲ್ ಹೊರಗೆ ತೆಗೆದಾಗ ಅಂಚಿನ ಅಕ್ಷರಗಳು ಕೂಡ ಮಸುಕಾಗಿದ್ದವು. ಅಂಚಿನ ಅಕ್ಷರ ಮತ್ತು ಅಂಕಿಗಳು ಕಾರ್ಖಾನೆಯಲ್ಲೇ ಬೆಳಕು ಕಂಡಿರುವುದರಿಂದ ಅವು ಮಸುಕಾಗಿದ್ದರೆ ದೋಷ ಕ್ಯಾಮೆರಾದ್ದಲ್ಲ, ಡೆವಲಪರ್‌ನದು ಎಂದು ತಿಳಿಯಬೇಕು.

ಮೊದಲ ಹೆಜ್ಜೆ: ತಿಂಗಳಿಗೆ ಎಷ್ಟು ರೋಲ್?

ಏನನ್ನೂ ಕೊಳ್ಳುವ ಮೊದಲು ಎರಡು ಸಂಗತಿಗಳನ್ನು ಬರೆದುಕೊಳ್ಳಿ. ಒಂದು, ನೀವು ತಿಂಗಳಿಗೆ ನಿಜವಾಗಿ ತೊಳೆಯುವ ರೋಲ್‌ಗಳ ಸಂಖ್ಯೆ. ತೊಳೆಯಬೇಕೆಂದು ಬಯಸುವ ಸಂಖ್ಯೆಯಲ್ಲ. ಇನ್ನೊಂದು, ಬಾಟಲಿ ಇಡುವ ಜಾಗದಲ್ಲಿ ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ಇರುವ ಉಷ್ಣತೆ. ರಾಸಾಯನಿಕ ಕ್ರಿಯೆಗಳ ವೇಗ ಹತ್ತು ಡಿಗ್ರಿಗೊಮ್ಮೆ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲವಾದ ನಿಯಮ. ತಂಪು ದೇಶದಲ್ಲಿ ಆರು ತಿಂಗಳು ಬಾಳುವ ದ್ರಾವಣವನ್ನು 35 ಡಿಗ್ರಿಯ ಕೋಣೆಯಲ್ಲಿ ಎರಡು ತಿಂಗಳಿಗಿಂತ ಹೆಚ್ಚು ನಂಬಬಾರದು ಎಂದು ನಾನು ಲೆಕ್ಕ ಹಾಕಿಕೊಳ್ಳುವುದು ಇದರಿಂದಲೇ. ತಿಂಗಳಿಗೆ ಒಂದೋ ಎರಡೋ ರೋಲ್ ತೊಳೆಯುವವರು ಐದು ಲೀಟರಿನ ಪುಡಿಯ ಪೊಟ್ಟಣವನ್ನು ಅಗ್ಗವೆಂದು ತಂದರೆ ಅದರಲ್ಲಿ ಹೆಚ್ಚಿನ ಪಾಲು ಚರಂಡಿಗೇ ಹೋಗುತ್ತದೆ.

ಎರಡನೆಯ ಹೆಜ್ಜೆ: ಡೆವಲಪರ್ ಆರಿಸುವುದು

ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಕಪ್ಪು ಬೆಳ್ಳಿಯನ್ನಾಗಿ ಮಾಡುವುದೇ ಡೆವಲಪರ್‌ನ ಕೆಲಸ. ಈ ಕೆಲಸ ಮಾಡುವ ಮೆಟಾಲ್, ಹೈಡ್ರೊಕ್ವಿನೋನ್‌ನಂಥ ವಸ್ತುಗಳು ಗಾಳಿಯಲ್ಲಿನ ಆಮ್ಲಜನಕದೊಂದಿಗೂ ಅಷ್ಟೇ ಸುಲಭವಾಗಿ ಕೂಡಿ ಸತ್ವ ಕಳೆದುಕೊಳ್ಳುತ್ತವೆ. ಅದನ್ನು ತಡೆಯಲೆಂದೇ ದ್ರಾವಣದಲ್ಲಿ ಸೋಡಿಯಂ ಸಲ್ಫೈಟ್ ಇರುತ್ತದೆ. ಈ ಮೂರು ಮಾತು ನೆನಪಿದ್ದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಅಪರೂಪಕ್ಕೆ ರೋಲ್ ತೊಳೆಯುವವರಿಗೆ ನನ್ನ ಮೊದಲ ಸಲಹೆ ರೋಡಿನಾಲ್. 1891ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದ ಈ ಸಾಂದ್ರ ದ್ರಾವಣ ಇಂದಿಗೂ ತಯಾರಾಗುತ್ತಿದೆ. ಪ್ಯಾರಾ ಅಮಿನೋಫಿನಾಲ್ ಎಂಬ ವಸ್ತು ಬಲವಾದ ಕ್ಷಾರದಲ್ಲಿ ಕರಗಿರುವ ಈ ದ್ರವ ಬಾಟಲಿ ತೆರೆದ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ. ಬಣ್ಣ ಕಡು ಕಂದಾದರೂ, ಬಾಟಲಿಯ ತಳದಲ್ಲಿ ಹರಳು ಕಟ್ಟಿದರೂ ಅದು ಕೆಲಸ ಬಿಡುವುದಿಲ್ಲ. ಒಂದು ಪಾಲಿಗೆ 25 ಅಥವಾ 50 ಪಾಲು ನೀರು ಬೆರೆಸಿ ಒಮ್ಮೆ ಬಳಸಿ ಚೆಲ್ಲಿಬಿಡಬೇಕು. ಆದರೆ ಅದು ಚಿತ್ರದ ಕಣಗಳನ್ನು ಮೃದುವಾಗಿಸುವುದಿಲ್ಲ, ಇದ್ದಂತೆಯೇ ತೀಕ್ಷ್ಣವಾಗಿ ತೋರಿಸುತ್ತದೆ. ಆದ್ದರಿಂದ 100 ಅಥವಾ ಅದಕ್ಕಿಂತ ಕಡಿಮೆ ವೇಗದ (ಬೆಳಕನ್ನು ಗ್ರಹಿಸುವ ಶಕ್ತಿಯ ಅಳತೆ, ಐಎಸ್‌ಒ) ಫಿಲ್ಮ್‌ಗೆ ಅದು ಚೆನ್ನಾಗಿ ಹೊಂದುತ್ತದೆ, 400ರ ಫಿಲ್ಮ್‌ನಲ್ಲಿ ಒರಟೆನಿಸಬಹುದು. ಎಷ್ಟೇ ತೆಳುವಾಗಿ ಬೆರೆಸಿದರೂ ಒಂದು ರೋಲಿಗೆ ಐದು ಮಿ.ಲೀ. ಸಾಂದ್ರ ದ್ರಾವಣವಾದರೂ ಇರಬೇಕು. ಒಂದಕ್ಕೆ ನೂರು ಪಾಲು ಬೆರೆಸಿ, ರೋಲನ್ನು ಬೆಳಕು ತಾಗದಂತೆ ಇಟ್ಟು ತೊಳೆಯುವ 300 ಮಿ.ಲೀ. ತೊಟ್ಟಿಗೆ ಹಾಕಿದರೆ ಒಳಗಿರುವುದು ಮೂರೇ ಮಿ.ಲೀ., ಅದು ಸಾಲದು.

ಎಚ್‌ಸಿ-110 ಎಂಬ ಪಾಕದಂಥ ಡೆವಲಪರ್ ಕೂಡ ಸಾಂದ್ರ ರೂಪದಲ್ಲಿ ಬಹುಕಾಲ ನಿಲ್ಲುವುದರಿಂದಲೇ ಹೆಸರು ಮಾಡಿದ್ದು. ಹಳೆಯ ಪಾಕದಷ್ಟು ಗಟ್ಟಿಯಾಗಿ ಇತ್ತೀಚಿನದು ಇಲ್ಲ, ಹಾಗಾಗಿ ಹಳಬರು ಹೇಳುವ ಬಾಳಿಕೆಯ ಕಥೆಗಳನ್ನು ಹೊಸ ಬಾಟಲಿಗೆ ಅನ್ವಯಿಸಬೇಡಿ. ನಮ್ಮ ಬಿಸಿಲಿಗೆ ಅದರ ತೊಡಕು ಬೇರೆಯೇ: ಸಾಮಾನ್ಯವಾಗಿ ಬಳಸುವ ಒಂದಕ್ಕೆ 31 ಪಾಲಿನ ಮಿಶ್ರಣದಲ್ಲಿ 400ರ ಕೆಲವು ಫಿಲ್ಮ್‌ಗಳಿಗೆ 20 ಡಿಗ್ರಿಯಲ್ಲೇ ಐದು ನಿಮಿಷ ಅಥವಾ ಅದಕ್ಕೂ ಕಡಿಮೆ ಸಾಕು. ನೀರು ಬೆಚ್ಚಗಾದಷ್ಟೂ ಆ ವೇಳೆ ಇನ್ನೂ ಕುಗ್ಗುತ್ತದೆ, ಐದು ನಿಮಿಷಕ್ಕಿಂತ ಕಡಿಮೆಯಾದರೆ ರೋಲಿನ ಉದ್ದಕ್ಕೂ ಸಮನಾಗಿ ಮೂಡಿಸುವುದು ಕಷ್ಟ. 63 ಪಾಲು ನೀರು ಬೆರೆಸಿ ವೇಳೆಯನ್ನು ಇಮ್ಮಡಿಯಿಂದ ಆರಂಭಿಸಿ ನೋಡಬಹುದು, ಆದರೆ ಒಂದು ರೋಲಿಗೆ ಆರು ಮಿ.ಲೀ. ಪಾಕ ಇರುವಷ್ಟು ದೊಡ್ಡ ತೊಟ್ಟಿ ಬೇಕಾಗುತ್ತದೆ.

ವಾರಕ್ಕೊಂದು ರೋಲ್ ತೊಳೆಯುವವರು ಡಿ-76 ಬಳಿ ಬರುವುದು ಒಳ್ಳೆಯದು. ಕೊಡ್ಯಾಕ್ ಇದನ್ನು 1927ರಲ್ಲಿ ಹೊರತಂದಿತು. ಇಲ್ಫರ್ಡ್‌ನ ಐಡಿ-11 ಕೂಡ ಕೆಲಸದಲ್ಲಿ ಇದೇ. ಫಿಲ್ಮ್ ತಯಾರಕರು ಕೊಡುವ ವೇಳಾಪಟ್ಟಿಗಳಲ್ಲಿ ಇವೆರಡರಲ್ಲಿ ಒಂದಾದರೂ ಇದ್ದೇ ಇರುತ್ತದೆ ಎನ್ನುವಷ್ಟು ಇದು ರೂಢಿಯಲ್ಲಿದೆ. ಇದನ್ನು ಒಂದಕ್ಕೆ ಒಂದು ಪಾಲು ನೀರು ಬೆರೆಸಿ ಒಮ್ಮೆ ಬಳಸಿ ಚೆಲ್ಲುವುದೇ ನಮ್ಮ ಭಾಗಕ್ಕೆ ಸರಿಯಾದ ಪದ್ಧತಿ, ಏಕೆಂದರೆ ವೇಳೆ ಉದ್ದವಾಗಿ ಬಿಸಿಲಿಗೆ ಕಳೆದುಕೊಳ್ಳಲು ಅವಕಾಶ ಸಿಗುತ್ತದೆ. ಎಚ್‌ಪಿ5 ಪ್ಲಸ್ ಫಿಲ್ಮ್‌ಗೆ ನೀರು ಬೆರೆಸದ ಐಡಿ-11ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ, ಸಮಪಾಲು ಬೆರೆಸಿದರೆ 13 ನಿಮಿಷ. 24 ಡಿಗ್ರಿಗೆ ಬಂದರೆ ಮೊದಲನೆಯದು ಐದೂಕಾಲಕ್ಕೆ ಇಳಿಯುತ್ತದೆ, ಎರಡನೆಯದು ಸುಮಾರು ಒಂಬತ್ತರಲ್ಲಿ ನಿಲ್ಲುತ್ತದೆ.

ಎಕ್ಸ್‌ಟಾಲ್ ಬಗ್ಗೆ ಒಂದು ಎಚ್ಚರಿಕೆಯ ಮಾತು. ವಿಟಮಿನ್ ಸಿ ವರ್ಗದ ವಸ್ತುವನ್ನು ಆಧರಿಸಿದ ಈ ಡೆವಲಪರ್ ಚಿತ್ರ ಬಹಳ ಸೊಗಸಾಗಿ ಕೊಡುತ್ತದೆ, ಆದರೆ ಕೆಡುವಾಗ ಬಣ್ಣ ಬದಲಾಯಿಸಿ ಸೂಚನೆ ಕೊಡುವುದಿಲ್ಲ. ನೋಡಲು ನೀರಿನಂತೆ ಸ್ವಚ್ಛವಾಗಿದ್ದೇ ಒಂದು ದಿನ ಸತ್ತಿರುತ್ತದೆ. ತಂಪಾದ ಜಾಗವೂ ಬಿಡುವಿಲ್ಲದ ಕೆಲಸವೂ ಇರುವವರು ಮಾತ್ರ ಅದಕ್ಕೆ ಕೈಹಾಕಲಿ.

ನನ್ನ ಸ್ವಂತ ಒಲವು ಡಿ-23 ಕಡೆಗೆ. ಒಂದು ಲೀಟರಿಗೆ ಏಳೂವರೆ ಗ್ರಾಂ ಮೆಟಾಲ್ ಮತ್ತು ನೂರು ಗ್ರಾಂ ಸೋಡಿಯಂ ಸಲ್ಫೈಟ್, ಅಷ್ಟೇ. ಎರಡೂ ಪುಡಿಯ ರೂಪದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಕಾಯುತ್ತವೆ, ಬೇಕಾದಾಗ ಬೇಕಾದಷ್ಟೇ ಕಲಸಿಕೊಳ್ಳಬಹುದು. ಕಾಲು ಲೀಟರ್ ಬೇಕಾದರೆ ಕಾಲು ಲೀಟರ್. ಇದಕ್ಕಿಂತ ದೊಡ್ಡ ಕಾರಣ ನಮ್ಮ ಬೆಳಕು. ಇಬ್ರಾಹಿಂ ರೋಜಾದ ಕಮಾನುಗಳ ಕೆಳಗಿನ ಕತ್ತಲೆ ಮತ್ತು ಅಂಗಳದ ಹಾಸುಗಲ್ಲಿನ ಮೇಲೆ ಬೀಳುವ ಬಿಸಿಲು ಒಂದೇ ಚಿತ್ರದಲ್ಲಿ ಬಂದಾಗ, ಬಾರಾ ಕಮಾನಿನ ಕರಿಕಲ್ಲಿನ ಹಿಂದೆ ಆಕಾಶ ಬೆಳ್ಳಗೆ ಉರಿಯುತ್ತಿರುವಾಗ, ಬೆಳಕಿನ ಭಾಗ ನೆಗೆಟಿವ್‌ನಲ್ಲಿ ಗೋಡೆಯಂತೆ ಗಟ್ಟಿಯಾಗಿ ವಿವರವೆಲ್ಲ ಮುಚ್ಚಿಹೋಗುತ್ತದೆ. ಡಿ-23 ಮೃದುವಾಗಿ ಕೆಲಸ ಮಾಡುವುದರಿಂದ ಆ ಭಾಗ ಅಷ್ಟು ಗಟ್ಟಿಯಾಗುವುದಿಲ್ಲ. ಡಿ-76ಕ್ಕೆ ಹೇಳಿದ ವೇಳೆಯಿಂದಲೇ ಆರಂಭಿಸಿ, ಮುಖ್ಯವಲ್ಲದ ಒಂದು ರೋಲನ್ನು ಮೊದಲು ತೊಳೆದು ನೋಡಿ, ನಿಮ್ಮ ವೇಳೆಯನ್ನು ನಿಶ್ಚಯಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಪುಡಿಗಳನ್ನು ಕೊಳ್ಳುವಾಗ ಹೆಸರು ತಪ್ಪದಿರಲಿ

ಬಿಡಿ ರಾಸಾಯನಿಕಗಳು ಕಾಲೇಜುಗಳ ಪ್ರಯೋಗಾಲಯಕ್ಕೆ ಸಾಮಾನು ಪೂರೈಸುವ ಅಂಗಡಿಗಳಲ್ಲಿ ಸಿಗುತ್ತವೆ. ಮೆಟಾಲ್ ಊರಿನಲ್ಲಿ ಸಿಗದಿದ್ದರೆ ಹುಬ್ಬಳ್ಳಿ, ಸೊಲ್ಲಾಪುರ ಅಥವಾ ಬೆಂಗಳೂರಿನಿಂದ ತರಿಸಿಕೊಳ್ಳಬೇಕಾಗಬಹುದು. ಎಲ್.ಆರ್. ಎಂದು ಗುರುತು ಮಾಡಿದ ಪ್ರಯೋಗಾಲಯದ ದರ್ಜೆ ಸಾಕು.

ಇಲ್ಲಿ ಆಗುವ ದೊಡ್ಡ ಪ್ರಮಾದ ಹೆಸರುಗಳದು. ಸೋಡಿಯಂ ಸಲ್ಫೈಟ್, ಸೋಡಿಯಂ ಸಲ್ಫೇಟ್, ಸೋಡಿಯಂ ಸಲ್ಫೈಡ್, ಸೋಡಿಯಂ ಮೆಟಾಬೈಸಲ್ಫೈಟ್, ಸೋಡಿಯಂ ಥಯೋಸಲ್ಫೇಟ್ ಇವೆಲ್ಲ ಬೇರೆ ಬೇರೆ ವಸ್ತುಗಳು. ಒಮ್ಮೆ ನನಗೆ ಅಂಗಡಿಯೊಂದರಲ್ಲಿ ದೊಡ್ಡ ಚೀಲದಿಂದ ತೂಗಿ ಕೊಟ್ಟ ಪೊಟ್ಟಣದ ಮೇಲೆ ಕೈಬರಹದಲ್ಲಿ ಸಲ್ಫೈಟ್ ಎಂದಿತ್ತು, ಒಳಗಿದ್ದದ್ದು ಸಲ್ಫೇಟ್. ಕಲಸಿದ ಡೆವಲಪರ್ ಒಂದೇ ರಾತ್ರಿಯಲ್ಲಿ ಕಂದಾಯಿತು, ಏಕೆಂದರೆ ಮೆಟಾಲನ್ನು ಕಾಪಾಡುವ ವಸ್ತುವೇ ಅದರಲ್ಲಿ ಇರಲಿಲ್ಲ. ಅಂದಿನಿಂದ ಕಂಪನಿಯ ಮುದ್ರೆಯಿರುವ, ಬಿಗಿದ ಡಬ್ಬಿಯನ್ನಷ್ಟೇ ಕೊಳ್ಳುತ್ತೇನೆ, ಅನುಮಾನ ಬಂದರೆ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಅಡುಗೆಗೆ ಬಳಸುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಪುಡಿಯ ದ್ರಾವಣಕ್ಕೆ ಕೆಲವು ಹನಿ ಹೆಚ್ಚಾಗಿಯೇ ಹಾಕಿ, ಗಾಳಿಯಾಡುವ ಜಾಗದಲ್ಲಿ ದೂರದಿಂದ ವಾಸನೆ ನೋಡಬೇಕು. ಬೆಂಕಿಕಡ್ಡಿ ಗೀರಿದಾಗ ಬರುವಂಥ ಘಾಟು ಬಂದು ದ್ರಾವಣ ತಿಳಿಯಾಗಿಯೇ ಉಳಿದರೆ ಅದು ಸಲ್ಫೈಟ್ ವರ್ಗದ್ದು. ಘಾಟಿನೊಂದಿಗೆ ಸ್ವಲ್ಪ ಹೊತ್ತಿನಲ್ಲಿ ಹಾಲಿನಂತೆ ಕದಡಿದರೆ ಅದು ಥಯೋಸಲ್ಫೇಟ್, ಅಂದರೆ ಡೆವಲಪರ್ ನಂತರ ಚಿತ್ರವನ್ನು ನಿಲ್ಲಿಸಲು ಬಳಸುವ ಹೈಪೊ. ಏನೂ ಆಗದಿದ್ದರೆ ಸಲ್ಫೇಟ್. ಸಲ್ಫೈಡ್ ಎಂಬ ಅನುಮಾನವಿದ್ದರೆ ಈ ಪರೀಕ್ಷೆಯನ್ನು ಮಾಡಲೇಬಾರದು, ಅದರಿಂದ ಹೊರಡುವ ಅನಿಲ ವಿಷ.

ಹೆಸರಿನಷ್ಟೇ ಮುಖ್ಯವಾದದ್ದು ಹರಳೋ ಒಣಪುಡಿಯೋ ಎಂಬುದು. ಹರಳಿನಲ್ಲಿ ನೀರಿನ ಅಂಶ ಸೇರಿರುತ್ತದೆ, ಆದ್ದರಿಂದ ತೂಕ ಬೇರೆ. ಸೂತ್ರದಲ್ಲಿ ನೂರು ಗ್ರಾಂ ನಿರ್ಜಲ ಸಲ್ಫೈಟ್ ಎಂದಿದ್ದು ನಿಮ್ಮಲ್ಲಿ ಹರಳಿದ್ದರೆ ಇನ್ನೂರು ಗ್ರಾಂ ಹಾಕಬೇಕು. ಬಟ್ಟೆ ಸೋಡಾದ ಹರಳಿನಲ್ಲಿ ಈ ಪ್ರಮಾಣ ಒಂದಕ್ಕೆ 2.7. ಹೈಪೊ ವಿಷಯದಲ್ಲಿ ಲೆಕ್ಕ ತಿರುಗುಮುರುಗು: ಸೂತ್ರಗಳು ಸಾಮಾನ್ಯವಾಗಿ ಹರಳನ್ನೇ ಹೇಳುತ್ತವೆ, ನೂರು ಗ್ರಾಂ ಹರಳಿಗೆ ನಿರ್ಜಲ ಪುಡಿ 64 ಗ್ರಾಂ ಸಾಕು. ಮೆಟಾಲ್ ತೂಗಲು ಅಡುಗೆಮನೆಯ ತಕ್ಕಡಿ ಸಾಲದು. ಗ್ರಾಂನ ಹತ್ತನೇ ಒಂದು ಪಾಲನ್ನು ತೋರಿಸುವ, ಚಿನ್ನ-ಬೆಳ್ಳಿ ತೂಗುವಂಥ ಪುಟ್ಟ ತಕ್ಕಡಿ ಬೇಕು.

ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ದ್ರಾಕ್ಷಿ ಅದ್ದುವ ದ್ರಾವಣಕ್ಕೆ ಬಳಸುವ ಪೊಟ್ಯಾಸಿಯಂ ಕಾರ್ಬೋನೇಟ್ ಕೂಡ ಕೆಲವು ಡೆವಲಪರ್ ಸೂತ್ರಗಳಲ್ಲಿ ಬರುವ ಕ್ಷಾರವೇ. ಆದರೆ ಅದು ಗಾಳಿಯ ತೇವವನ್ನು ಹೀರಿ ನೀರಾಗುವ ಗುಣದ್ದು, ತೆರೆದ ಚೀಲದಿಂದ ತಂದದ್ದರ ತೂಕವನ್ನು ನಂಬುವಂತಿಲ್ಲ.

ನಾಲ್ಕನೆಯ ಹೆಜ್ಜೆ: ನೀರು

ನಮ್ಮ ಜಿಲ್ಲೆಯ ಕೊಳವೆಬಾವಿಯ ನೀರು ಬಹುಪಾಲು ಗಡಸು. ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುವ ಆ ಸುಣ್ಣವೇ ಡೆವಲಪರ್‌ನ ಸಲ್ಫೈಟ್ ಮತ್ತು ಕ್ಷಾರದೊಂದಿಗೆ ಕೂಡಿ ತಳದಲ್ಲಿ ಗಸಿಯಾಗುತ್ತದೆ, ಒಣಗಿದ ನೆಗೆಟಿವ್ ಮೇಲೆ ಬಿಳಿ ಕಲೆಯಾಗುತ್ತದೆ. ಡೆವಲಪರ್ ಕಲಸಲು ಮತ್ತು ಕೊನೆಯ ಅದ್ದುವಿಕೆಗೆ ಮಾತ್ರ ಡಿಸ್ಟಿಲ್ಡ್ ನೀರು ಅಥವಾ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಬಳಸಿ. ಹೈಪೊ ಕಲಸಲು, ನಡುವೆ ತೊಳೆಯಲು ನಳದ ನೀರೇ ಸಾಕು. ಆರ್‌ಒ ನೀರನ್ನು ಕೂಡ ಒಮ್ಮೆ ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸುವುದು ನನ್ನ ರೂಢಿ. ಕುದಿಸಿದಾಗ ನೀರಿನಲ್ಲಿ ಕರಗಿದ ಆಮ್ಲಜನಕ ಹೊರಟುಹೋಗುತ್ತದೆ, ಡೆವಲಪರ್ ಹುಟ್ಟುವಾಗಲೇ ಕೆಡುವುದು ತಪ್ಪುತ್ತದೆ.

ಐದನೆಯ ಹೆಜ್ಜೆ: ಕಲಸುವ ಕ್ರಮ

ಬಿಡಿ ಪುಡಿಗಳಿಂದ ಒಂದು ಲೀಟರ್ ಡಿ-76 ಮಾಡಲು ಮೆಟಾಲ್ ಎರಡು ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ ನೂರು ಗ್ರಾಂ, ಹೈಡ್ರೊಕ್ವಿನೋನ್ ಐದು ಗ್ರಾಂ, ಬಿಳಿಗಾರ ಎರಡು ಗ್ರಾಂ ಬೇಕು. ಬಿಳಿಗಾರವೆಂದರೆ ಬೋರಾಕ್ಸ್. ಮುಕ್ಕಾಲು ಲೀಟರ್ ನೀರನ್ನು 50 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಅದಕ್ಕೆ ಮೊದಲು ತೂಗಿಟ್ಟ ಸಲ್ಫೈಟ್‌ನಿಂದಲೇ ಒಂದು ಚಿಟಿಕೆ ಹಾಕಿ. ಅನಂತರ ಮೆಟಾಲ್ ಹಾಕಿ ಪೂರ್ತಿ ಕರಗುವವರೆಗೆ ಕಾಯಿರಿ. ಮೆಟಾಲ್ ಸಲ್ಫೈಟ್ ತುಂಬಿದ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಆದರೆ ಸಲ್ಫೈಟ್ ಒಂದಿಷ್ಟೂ ಇಲ್ಲದ ನೀರಿನಲ್ಲಿ ಗಾಳಿಯ ಪಾಲಾಗುತ್ತದೆ. ಆ ಒಂದು ಚಿಟಿಕೆ ಇರುವುದು ಇದಕ್ಕಾಗಿ. ಬಳಿಕ ಉಳಿದ ಸಲ್ಫೈಟ್, ಅದು ಕರಗಿದ ಮೇಲೆ ಹೈಡ್ರೊಕ್ವಿನೋನ್, ಕೊನೆಗೆ ಬಿಳಿಗಾರ. ಒಂದು ಕರಗದೆ ಮತ್ತೊಂದನ್ನು ಹಾಕಬೇಡಿ. ತಣ್ಣೀರು ಸೇರಿಸಿ ಒಂದು ಲೀಟರಿಗೆ ತಂದು, ಮುಚ್ಚಿಟ್ಟು, ಒಂದು ರಾತ್ರಿ ಬಿಟ್ಟು ಬಳಸಿ. ಮಜ್ಜಿಗೆ ಕಡೆದಂತೆ ನೊರೆ ಬರಿಸದೆ ನಿಧಾನವಾಗಿ ತಿರುವಬೇಕು, ಪ್ರತಿ ಗುಳ್ಳೆಯೂ ಒಳಗೆ ಆಮ್ಲಜನಕವನ್ನು ಒಯ್ಯುತ್ತದೆ. ಡಿ-23 ಕಲಸುವುದೂ ಹೀಗೆಯೇ, ಎರಡೇ ಪುಡಿಗಳೆಂಬುದಷ್ಟೇ ವ್ಯತ್ಯಾಸ.

ಡಿ-76 ಕಲಸಿ ಕೆಲವು ವಾರ ಇಟ್ಟಾಗ ದುರ್ಬಲವಾಗುವ ಬದಲು ಮೊದಲು ಸ್ವಲ್ಪ ಚುರುಕಾಗುವುದುಂಟು. ಒಳಗಿನ ಹೈಡ್ರೊಕ್ವಿನೋನ್ ನಿಧಾನವಾಗಿ ಬದಲಾಗುತ್ತ ದ್ರಾವಣದ ಕ್ಷಾರತೆಯನ್ನು ಏರಿಸುವುದರಿಂದ ಹೀಗಾಗುತ್ತದೆ. ಒಂದೇ ವೇಳೆ ಇಟ್ಟರೂ ನೆಗೆಟಿವ್ ಹಿಂದಿಗಿಂತ ಗಟ್ಟಿಯಾಗಿ ಬಂದರೆ ಗಾಬರಿಯಾಗಬೇಡಿ. ಎರಡು ಗ್ರಾಂ ಬಿಳಿಗಾರದ ಬದಲು ಎಂಟು ಗ್ರಾಂ ಬಿಳಿಗಾರ ಮತ್ತು ಎಂಟು ಗ್ರಾಂ ಬೋರಿಕ್ ಆಮ್ಲ ಹಾಕುವ ರೂಪಾಂತರ ಈ ಏರಿಳಿತವನ್ನು ತಡೆಯಲೆಂದೇ ಬಂದದ್ದು, ನಮ್ಮಂಥ ಬಿಸಿ ಜಾಗಗಳಿಗೆ ಅದೇ ಮೇಲು.

ಕೈಗವಸು ಹಾಕಿಕೊಳ್ಳದೆ ಈ ಕೆಲಸ ಮಾಡಬೇಡಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಬೆರಳ ಸಂದಿಗಳಲ್ಲಿ ತುರಿಕೆಯಾಗಿ ಆರಂಭವಾಗಿ, ಮುಂದೆ ಮುಟ್ಟಿದರೆ ಸಾಕು ಬಿರಿಯುವ ಸ್ಥಿತಿಗೆ ಬರಬಹುದು. ಪುಡಿ ತೂಗುವಾಗ ಫ್ಯಾನ್ ಆರಿಸಿ, ಬಾಯಿ-ಮೂಗಿಗೆ ಮುಸುಕು ಹಾಕಿಕೊಳ್ಳಿ. ಅಡುಗೆಯ ಪಾತ್ರೆ, ಸೌಟು, ಅಳತೆಯ ಲೋಟ ಯಾವುದನ್ನೂ ಇದಕ್ಕೆ ಬಳಸಿ ಮತ್ತೆ ಅಡುಗೆಮನೆಗೆ ಒಯ್ಯಬಾರದು.

ಆರನೆಯ ಹೆಜ್ಜೆ: ಬಾಟಲಿ, ಜಾಗ, ಚೀಟಿ

ನನಗೆ ರೋಲ್ ತೊಳೆಯಲು ಕಲಿಸಿದ ಹಿರಿಯರಿಗೆ ಕತ್ತಲೆಕೋಣೆಯಲ್ಲಿ ಒಂದೇ ಹಟವಿತ್ತು. “ಬಾಟ್ಲಿ ಕುತ್ತಿಗಿ ತನಕಾ ತುಂಬಿರಬೇಕು ನೋಡಪಾ” ಎನ್ನುತ್ತಿದ್ದರು. ಅರ್ಧ ತುಂಬಿದ ಬಾಟಲಿಯ ಉಳಿದರ್ಧದಲ್ಲಿ ಇರುವುದು ಗಾಳಿ, ಅದೇ ದ್ರಾವಣವನ್ನು ತಿನ್ನುತ್ತದೆ. ಕೊಡ್ಯಾಕ್ ಡಿ-76ಕ್ಕೆ ಹೇಳುವ ಅವಧಿಯೂ ತುಂಬಿದ ಬಾಟಲಿಯಲ್ಲಿ ಆರು ತಿಂಗಳು, ಅರ್ಧ ಬಾಟಲಿಯಲ್ಲಿ ಎರಡು ತಿಂಗಳು.

ಆದ್ದರಿಂದ ಒಂದು ಲೀಟರನ್ನು ಒಂದೇ ಬಾಟಲಿಯಲ್ಲಿ ಇಡಬೇಡಿ. ಪ್ಯಾಟರ್ಸನ್ ತೊಟ್ಟಿಯಲ್ಲಿ ಒಂದು 35 ಮಿ.ಮೀ. ರೋಲಿಗೆ 290 ಮಿ.ಲೀ. ದ್ರಾವಣ ಬೇಕು, ಸಮಪಾಲು ನೀರು ಬೆರೆಸುವವರಿಗೆ 150 ಮಿ.ಲೀ. ಮೂಲ ದ್ರಾವಣ ಸಾಕು. ಅಗಲವಾದ 120ರ ರೋಲಿಗೆ 500 ಮಿ.ಲೀ. ಬೇಕಾಗುವುದರಿಂದ 250 ಮಿ.ಲೀ. ಇರಲಿ. ನಿಮ್ಮ ರೋಲಿಗೆ ತಕ್ಕ ಅಳತೆಯ ಕಂದು ಗಾಜಿನ ಸಣ್ಣ ಬಾಟಲಿಗಳನ್ನು ಆರಿಸಿ, ಕುತ್ತಿಗೆಯವರೆಗೆ ತುಂಬಿ, ಒಮ್ಮೆ ತೆರೆದದ್ದನ್ನು ಅದೇ ದಿನ ಮುಗಿಸಿಬಿಡಿ. ಬಾಟಲಿ ದೊಡ್ಡದಾಗಿದ್ದರೆ ಮಕ್ಕಳಾಡುವ ಗಾಜಿನ ಗೋಲಿಗಳನ್ನು ಚೆನ್ನಾಗಿ ತೊಳೆದು ಒಳಗೆ ಬಿಟ್ಟು ಮಟ್ಟ ಏರಿಸಬಹುದು. ಗಾಜು ಸಿಗದಿದ್ದರೆ ಪೆಟ್ ಬಾಟಲಿಯಾದೀತು. ಹಾಲುಬಣ್ಣದ ಮೆತ್ತಗಿನ ಪ್ಲಾಸ್ಟಿಕ್ ಕ್ಯಾನ್ ಮಾತ್ರ ಡೆವಲಪರ್‌ಗೆ ಬೇಡ, ಅದರ ಗೋಡೆಯ ಮೂಲಕವೇ ಆಮ್ಲಜನಕ ನುಸುಳುತ್ತದೆ. ಹೈಪೊಗೆ ಅದು ನಡೆಯುತ್ತದೆ.

ಔಷಧದ ಅಂಗಡಿಯ ಕೆಮ್ಮಿನ ಸಿರಪ್ಪಿನ ಬಾಟಲಿ, ತಂಪು ಪಾನೀಯದ ಬಾಟಲಿ ಅಳತೆಗೆ ಒಪ್ಪುತ್ತವೆಂದು ಬಳಸುವವರಿದ್ದಾರೆ. ಮಕ್ಕಳಿರುವ ಮನೆಯಲ್ಲಿ ಅದು ದೊಡ್ಡ ಅಪಾಯ. ಹಳೆಯ ಡೆವಲಪರ್ ನೋಡಲು ಚಹಾದಂತೆಯೇ ಇರುತ್ತದೆ. ಪ್ರಯೋಗಾಲಯದ ಬಾಟಲಿಗಳನ್ನೇ ಕೊಂಡು, ಬೀಗವಿರುವ ಪೆಟ್ಟಿಗೆಯಲ್ಲಿ ಇಡಿ.

ಇಡುವ ಜಾಗಕ್ಕೆ ಹಳೆಯ ಮಣ್ಣಿನ ಮಾಳಿಗೆ ಮನೆಗಳಷ್ಟು ಒಳ್ಳೆಯದು ಬೇರೆ ಇಲ್ಲ. ದಪ್ಪ ಗೋಡೆಯೊಳಗಿನ ಮಾಡು ಅಥವಾ ಒಳಗೋಣೆಯ ನೆಲ ಬೇಸಿಗೆಯಲ್ಲೂ ಹೊರಗಿಗಿಂತ ಎಷ್ಟೋ ತಂಪಾಗಿರುತ್ತದೆ. ಆರ್‌ಸಿಸಿ ಮನೆಯಲ್ಲಿರುವವರು ಮೇಲಿನ ಮಹಡಿ, ಪಡುವಣ ಗೋಡೆ, ಅಟ್ಟ ಈ ಮೂರನ್ನೂ ಬಿಟ್ಟು, ನೆಲಮಟ್ಟದಲ್ಲಿ ಬಿಸಿಲು ತಾಕದ ಮೂಲೆಯನ್ನು ಹುಡುಕಲಿ. ಫ್ರಿಜ್‌ನಲ್ಲಿ ಇಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬಳಸದ ಫಿಲ್ಮ್‌ಗೆ ಅದು ಸರಿಯಾದ ಜಾಗ, ಡೆವಲಪರ್‌ಗೆ ಅಲ್ಲ: ತೀರ ತಣ್ಣಗಾದಾಗ ಕರಗಿದ ಪುಡಿ ಹರಳಾಗಿ ಕೆಳಗಿಳಿಯುತ್ತದೆ, ಮೇಲಾಗಿ ಊಟದ ಪದಾರ್ಥಗಳ ಪಕ್ಕದಲ್ಲಿ ವಿಷವಸ್ತು ಇರಬಾರದು.

ಪುಡಿಗಳಿಗೆ ಬಿಸಿಲಿಗಿಂತ ಮಳೆಗಾಲದ ತೇವ ಹೆಚ್ಚು ಕೆಟ್ಟದ್ದು. ಸಲ್ಫೈಟ್ ತೇವ ಹಿಡಿದು ಗಾಳಿಗೆ ಸಿಕ್ಕರೆ ನಿಧಾನವಾಗಿ ಸಲ್ಫೇಟ್ ಆಗುತ್ತದೆ, ನೋಟದಲ್ಲಿ ಏನೂ ತಿಳಿಯುವುದಿಲ್ಲ. ಮೆಟಾಲ್ ಮಾತ್ರ ಬಣ್ಣದಿಂದ ಹೇಳುತ್ತದೆ. ಬಿಳಿಯಿಂದ ಬೂದು, ಕಂದಿಗೆ ತಿರುಗಿದ್ದನ್ನು ಬಳಸಬೇಡಿ.

ಪ್ರತಿ ಬಾಟಲಿಯ ಮೇಲೂ ಹೆಸರು, ಕಲಸಿದ ದಿನಾಂಕ, ಎಷ್ಟು ನೀರು ಬೆರೆಸಬೇಕೆಂಬುದು ಇರಲಿ. ಒದ್ದೆ ಕೈ ತಾಗಿ ಶಾಯಿ ಹರಡದಂತೆ ಪೆನ್ಸಿಲ್‌ನಲ್ಲಿ ಬರೆದು ಮೇಲೆ ಟೇಪ್ ಅಂಟಿಸಿ. ಡೆವಲಪರ್ ಬಾಟಲಿಯ ಮುಚ್ಚಳ ಹೈಪೊ ಬಾಟಲಿಗೆ ಹೋಗಲೇಬಾರದು.

ಏಳನೆಯ ಹೆಜ್ಜೆ: ಸ್ಟಾಪ್ ಮತ್ತು ಹೈಪೊ

ಡೆವಲಪರ್‌ನ ಕೆಲಸವನ್ನು ಥಟ್ಟನೆ ನಿಲ್ಲಿಸುವ ಆಮ್ಲದ ದ್ರಾವಣವಾದ ಸ್ಟಾಪ್‌ಗಾಗಿ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಲೀಟರಿಗೆ 15 ಗ್ರಾಂ ನಿಂಬೆ ಉಪ್ಪು ಸಾಕು, ಅಂದಂದೇ ಕಲಸಿ ಚೆಲ್ಲಿ. ಅಸಿಟಿಕ್ ಆಮ್ಲ ಬಳಸುವವರು ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು.

ಬೆಳಕು ಕಾಣದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವುದು ಹೈಪೊ, ಅಂದರೆ ಫಿಕ್ಸರ್. ಅದಕ್ಕೆ ಆ ಗುಣವಿದೆಯೆಂದು ಜಾನ್ ಹರ್ಷಲ್ 1819ರಲ್ಲೇ ಕಂಡುಕೊಂಡಿದ್ದರು. 1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದಾಗ ಚಿತ್ರವನ್ನು ನಿಲ್ಲಿಸುವ ದಾರಿ ಅದರಿಂದಲೇ ಸಿಕ್ಕಿತು. ಇಂದು ಅಮೋನಿಯಂ ಥಯೋಸಲ್ಫೇಟ್‌ನ ದ್ರವರೂಪದ ರ‍್ಯಾಪಿಡ್ ಫಿಕ್ಸರ್ ಎರಡರಿಂದ ಐದು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಆದರೆ ಆಮ್ಲೀಯ ಫಿಕ್ಸರ್ ಬಹುಕಾಲ ಬಿಸಿಯಲ್ಲಿ ನಿಂತರೆ ಗಂಧಕ ಬೇರ್ಪಟ್ಟು ತಳದಲ್ಲಿ ಹಳದಿ ಪುಡಿ ಕಾಣುತ್ತದೆ, ಹಾಗಾದದ್ದನ್ನು ಸೋಸಿ ಬಳಸುವಂತಿಲ್ಲ. ಹೈಪೊ ಹರಳಿಗೆ ಈ ತೊಂದರೆಯಿಲ್ಲ, ಒಣ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಬೇಸಿಗೆಯಲ್ಲಿ ನಾನು ಅದನ್ನೇ ನೆಚ್ಚುತ್ತೇನೆ: 250 ಗ್ರಾಂ ಹರಳನ್ನು ಬಿಸಿನೀರಿನಲ್ಲಿ ಕರಗಿಸಿ, 15 ಗ್ರಾಂ ಸಲ್ಫೈಟ್ ಸೇರಿಸಿ, ಒಂದು ಲೀಟರಿಗೆ ತರುವುದು. ಹರಳು ಕರಗುವಾಗ ನೀರಿನ ಶಾಖವನ್ನು ಹೀರಿಕೊಂಡು ಪಾತ್ರೆಯನ್ನೇ ತಣ್ಣಗಾಗಿಸುವುದರಿಂದ 50 ಡಿಗ್ರಿಗಿಂತ ಬಿಸಿಯಾದ ನೀರಿನಿಂದ ಆರಂಭಿಸಬೇಕು. ಇದರಲ್ಲಿ ರೋಲ್ ಹತ್ತು ನಿಮಿಷ ಇರಲಿ. ಇದಕ್ಕೆ ಆಮ್ಲದ ಸ್ಟಾಪ್ ಬೇಡ. ಎರಡು ಮೂರು ಬಾರಿ ನೀರು ಬದಲಾಯಿಸಿ ತೊಳೆದರಾಯಿತು.

24 ಡಿಗ್ರಿಗೆ ಇಳಿಸಲು ಸಾಧ್ಯವೇ ಆಗದ ದಿನಗಳಲ್ಲಿ ಫಿಲ್ಮ್ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಟ್ಟಿರುವ ಎಮಲ್ಷನ್ ಪದರ ಉಬ್ಬಿ ಮೆತ್ತಗಾಗುತ್ತದೆ, ಉಗುರು ತಾಗಿದರೂ ಕಿತ್ತು ಬರುತ್ತದೆ. ಅಂಥಲ್ಲಿ ಪೊಟ್ಯಾಶ್ ಪಟಿಕ ಸೇರಿದ ಗಟ್ಟಿಗೊಳಿಸುವ ಫಿಕ್ಸರ್ ಬೇಕು. ಕೊಡ್ಯಾಕ್‌ನ ಎಫ್-5 ಸೂತ್ರದಲ್ಲಿ ಲೀಟರಿಗೆ 15 ಗ್ರಾಂ ಪಟಿಕವಿದೆ. ಕಿರಾಣಿ ಅಂಗಡಿಯ ಪಟಿಕದ ಗಟ್ಟಿ ಬೇರೆ ಲವಣವೂ ಆಗಿರಬಹುದಾದ್ದರಿಂದ ಅದನ್ನು ಬಳಸಬೇಡಿ.

ತೊಳೆಯುವ ದಿನ

ಮನೆಯ ಅಳತೆಯನ್ನು 24 ಡಿಗ್ರಿಗೆ ನಿಲ್ಲಿಸಿಕೊಳ್ಳುವುದು ಇಲ್ಲಿ ಸುಲಭ. ಸಿದ್ಧೇಶ್ವರ ಜಾತ್ರೆಯ ಸಂಕ್ರಾಂತಿ ದಿನಗಳಲ್ಲಿ ಮುಂಜಾನೆಯ ನೀರು ಅದಕ್ಕಿಂತ ತಣ್ಣಗಿರುತ್ತದೆ, ಸ್ವಲ್ಪ ಬಿಸಿನೀರು ಸೇರಿಸಿದರಾಯಿತು. ಬೇಸಿಗೆಯಲ್ಲಿ ಹಿಂದಿನ ರಾತ್ರಿಯೇ ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿ, ಒದ್ದೆ ಗೋಣಿತಾಟು ಸುತ್ತಿ, ಗಾಳಿಯಾಡುವ ಕಡೆ ಇಡಿ. ನಮ್ಮ ಒಣ ಬಿಸಿಲಿನಲ್ಲಿ ನೀರು ಆವಿಯಾಗುವ ವೇಗ ಹೆಚ್ಚಿರುವುದರಿಂದ ಗಡಿಗೆ ಬಹಳ ಚೆನ್ನಾಗಿ ತಂಪು ಹಿಡಿಯುತ್ತದೆ. ಮಳೆಗಾಲದ ತೇವದಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ. ಆ ನೀರನ್ನು ಅಗಲವಾದ ಬುಟ್ಟಿಯಲ್ಲಿ (ಟಬ್ಬಿನಲ್ಲಿ) ಸುರಿದು ಡೆವಲಪರ್, ಸ್ಟಾಪ್, ಹೈಪೊ ಬಾಟಲಿಗಳನ್ನು ಒಟ್ಟಿಗೆ ಅದರಲ್ಲಿ ನಿಲ್ಲಿಸಿ. ಮಂಜುಗಡ್ಡೆ ಬೇಕಾದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬುಟ್ಟಿಗೆ ಬಿಡಿ, ಡೆವಲಪರ್‌ಗೆ ನೇರವಾಗಿ ಹಾಕಬೇಡಿ. ಡೆವಲಪರ್ 24 ಡಿಗ್ರಿ, ಆಮೇಲೆ ತೊಳೆಯುವ ನಳದ ನೀರು 35 ಡಿಗ್ರಿ ಎಂದಾದರೆ ಎಮಲ್ಷನ್ ಸುಕ್ಕುಗಟ್ಟಿ, ಬಿರಿದ ಕೆರೆಯಂಗಳದಂಥ ಗೆರೆಗಳು ಮೂಡಬಹುದು. ಕೊನೆಯ ತೊಳೆಯುವ ನೀರನ್ನೂ ಮೊದಲೇ ತಣಿಸಿಟ್ಟುಕೊಳ್ಳಿ.

ಡೆವಲಪರ್ ಸುರಿಯುವ ಮೊದಲು ಒಂದು ನಿಮಿಷ ಖರ್ಚು ಮಾಡಿ. ತೊಟ್ಟಿಗೆ ಹಾಕುವಾಗ ಕತ್ತರಿಸಿದ ಫಿಲ್ಮ್ ತುದಿಗಳನ್ನು ಕೂಡಿಟ್ಟಿರಿ. ಒಂದು ತುಂಡನ್ನು ಬೆಳಕಿನಲ್ಲೇ ಡೆವಲಪರ್‌ಗೆ ಅದ್ದಿದರೆ ಕೆಲವೇ ನಿಮಿಷದಲ್ಲಿ ಗಾಢ ಕಪ್ಪಾಗಬೇಕು. ಬೂದಾಗಿಯೇ ಉಳಿದರೆ ಆ ಬಾಟಲಿಯನ್ನು ಚೆಲ್ಲಿ, ರೋಲ್ ತೊಟ್ಟಿಯೊಳಗೆ ಕ್ಷೇಮವಾಗಿರುತ್ತದೆ. ಇನ್ನೊಂದು ತುಂಡನ್ನು ಹೈಪೊದಲ್ಲಿ ಅದ್ದಿ, ಹಾಲಿನಂಥ ಪದರ ಮಾಯವಾಗಲು ಎಷ್ಟು ಹೊತ್ತು ಬೇಕಾಯಿತೆಂದು ಎಣಿಸಿ. ಹೊಸ ಹೈಪೊ ತೆಗೆದುಕೊಳ್ಳುವ ಹೊತ್ತನ್ನು ಬಾಟಲಿಯ ಮೇಲೆ ಬರೆದಿಟ್ಟು, ಅದು ಇಮ್ಮಡಿಯಾದ ದಿನ ಹೈಪೊ ಬದಲಿಸಿ. ಟಿ-ಮ್ಯಾಕ್ಸ್, ಡೆಲ್ಟಾ ವರ್ಗದ ಫಿಲ್ಮ್‌ಗಳು ಹೈಪೊವನ್ನು ಬೇಗ ದಣಿಸುತ್ತವೆ, ಅವುಗಳಿಗೆ ಆ ಹೊತ್ತಿನ ಮೂರುಪಟ್ಟು ಕಾಲ ಕೊಡಿ.

ಬಳಸಿದ ಡೆವಲಪರ್ ಅನ್ನು ಧಾರಾಳ ನೀರಿನೊಂದಿಗೆ ಒಳಚರಂಡಿಗೆ ಬಿಡಬಹುದು, ಬಾವಿಯ ಹತ್ತಿರ ಅಥವಾ ಗಿಡದ ಬುಡಕ್ಕೆ ಬೇಡ. ಬಳಸಿದ ಹೈಪೊದಲ್ಲಿ ಬೆಳ್ಳಿ ಇರುವುದರಿಂದ ಅದನ್ನು ಬೇರೆ ಕ್ಯಾನ್‌ನಲ್ಲಿ ಕೂಡಿಡಬೇಕು. ಶೌಚಾಲಯ ತೊಳೆಯುವ ಆಮ್ಲ, ಬ್ಲೀಚಿಂಗ್ ಪುಡಿ ಇವೆರಡರ ಜೊತೆ ಹೈಪೊ ಸೇರಿದರೆ ಉಸಿರು ಕಟ್ಟಿಸುವ ಅನಿಲ ಏಳುತ್ತದೆ, ಅವುಗಳ ಹತ್ತಿರ ಕ್ಯಾನ್ ಇಡಬೇಡಿ. ಬೆಳ್ಳಿ ತೆಗೆಯುವ ಕೆಲಸದವರು ಸಿಕ್ಕರೆ ಅವರಿಗೆ ಕೊಡಿ. ಸಿಗದಿದ್ದರೆ ಬಣ್ಣ ಬಳಿಯುವವರು ಉಜ್ಜಲು ಬಳಸುವ ಸಾದಾ ಉಕ್ಕಿನ ನಾರನ್ನು ಕ್ಯಾನ್‌ಗೆ ಹಾಕಿ ಕೆಲವು ದಿನ ಬಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಜಾಲಿ ತುಕ್ಕು ಹಿಡಿಯದ ಉಕ್ಕಾದ್ದರಿಂದ ಅದರಿಂದ ಈ ಕೆಲಸ ಆಗುವುದಿಲ್ಲ.